ಸುಬ್ರಾಯಣ್ಣನ ನಳಿಗೆಯ ಗೀರು

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು "ನೀವು ಯಾವ ಸ್ಕೂಲಲ್ಲಿ ಟೀಚರ್ ಆಗಿದ್ರಿ?" ಎಂದು ಕೇಳುವುದು ನನಗೆ ರೂಢಿಯಾಗಿದೆ. ಕಾಟನ್ ಸೀರೆ, ಕುತ್ತಿಗೆಗೆ ಇಳಿಬಿಟ್ಟ ಕನ್ನಡಕದ ಸರಪಳಿ, ಮಾತಿನ ನಡುವೆ ಕರೆಯದೆ ಬರುವ ಇಂಗ್ಲಿಷು, ಎಲ್ಲ ಸೇರಿ ಅವರಿಗೆ ಹಾಗೆ ಅನ್ನಿಸುತ್ತದೆ. "ಟೀಚರ್ ಅಲ್ಲ, ಕೋವಿ ರಿಪೇರಿ ಮಾಡ್ತಿದ್ದೆ" ಎಂದರೆ ಮೊದಲು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ತಮ್ಮ ಬಾಳೆಲೆಯನ್ನು ಒಂದಿಷ್ಟು ಆಚೆ ಎಳೆದುಕೊಳ್ಳುತ್ತಾರೆ. ನನಗೆ ಪಾಯಸ ಬಡಿಸುವವರು ಮಾತ್ರ ಅದು ಕಿವಿಗೆ ಬಿದ್ದ ಮೇಲೆ ಎರಡು ಸೌಟು ಹೆಚ್ಚೇ ಹಾಕುತ್ತಾರೆ.

ನಮ್ಮದು ಕತ್ತಿ, ಕೊಡಲಿ ಬಡಿಯುವ ಆಚಾರಿಗಳ ಮನೆ. ಅಜ್ಜನ ಕಾಲಕ್ಕೆ ಕೋವಿ ರಿಪೇರಿಯ ಲೈಸೆನ್ಸು ಬಂತು, ಅಪ್ಪನ ಕಾಲಕ್ಕೆ ಶಿರಸಿ ಪೇಟೆಯಲ್ಲಿ ಅಂಗಡಿಯಾಯಿತು. ಮಗಳ ಕೈ ಮಸಿಯಾಗಬಾರದು ಎಂದು ಅಪ್ಪ ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅವರ ಪ್ಲ್ಯಾನ್ ಪ್ರಕಾರ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಟು ಎಣಿಸಬೇಕಿತ್ತು. ರಜೆಗೆ ಬಂದವಳು ಒಂದು ದಿನ ಅರ ಹಿಡಿದೆ. ಅದು ಕೈಗೆ ಒಗ್ಗಿತು. ಅಪ್ಪ ಒಂದು ವಾರ ಮಾತು ಬಿಟ್ಟರು, ಎಂಟನೆಯ ದಿನ "ಅರ ಹಿಡಿಯೋದು ಹಾಗಲ್ಲ" ಎಂದರು. ಅಪಾಯಿಂಟ್‌ಮೆಂಟ್ ಆರ್ಡರ್ ಅಂದರೆ ಅಷ್ಟೇ.

ಈಗ ಅಂಗಡಿ ನನ್ನ ತಂಗಿಯ ಮಗಳು ವೀಣಾಳ ಕೈಯಲ್ಲಿದೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಹುಡುಗಿ. ನಳಿಗೆಯೊಳಗೆ ದಾರದಂಥ ಕ್ಯಾಮೆರಾ ಇಳಿಸಿ ಫೋನಿನಲ್ಲಿ ನೋಡುತ್ತಾಳೆ. ಕೋವಿಗೆ ಎಂಡೋಸ್ಕೋಪಿ! ನಾವು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದೆವು, ಅಷ್ಟೇ ನಮ್ಮ ಸ್ಕ್ಯಾನಿಂಗು. ಅವಳಿಗೆ ಮಷೀನಿನ ಬಗ್ಗೆ ನಾನು ಹೇಳಿಕೊಡುವುದೇನೂ ಉಳಿದಿಲ್ಲ. ಮಷೀನು ಹಿಡಿದುಕೊಂಡು ಅಂಗಡಿಗೆ ಬರುವವರ ಬಗ್ಗೆ ಇದೆ. ಅವಳಿಗೂ, ಅವಳಂತೆ ಈ ಕೆಲಸಕ್ಕೆ ಬರುವ ಇತರರಿಗೂ ಒಂದು ರಿವಾಲ್ವರಿನ ಕಥೆ ಹೇಳುತ್ತೇನೆ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೋವಿ ಅಂದರೆ ಬೆಳೆ ಕಾಯುವ ಕೋವಿ. ಮಂಗ ಬೆದರಿಸಲಿಕ್ಕೆ, ಹಂದಿ ಓಡಿಸಲಿಕ್ಕೆ. ಅದರ ನಳಿಗೆಯ ಒಳಮೈ ಬಿದಿರಿನ ಕೊಳವೆಯಂತೆ ನುಣ್ಣಗೆ. ನುಣ್ಣಗಿದ್ದಷ್ಟೂ ಒಳ್ಳೆಯ ಕೋವಿ ಎಂಬುದು ಇಲ್ಲಿ ಹುಟ್ಟಿದವರೆಲ್ಲರಿಗೂ ಗೊತ್ತು. ಚುನಾವಣೆ ಬಂದಾಗ ಸರ್ಕಾರದ ಅಪ್ಪಣೆಯಂತೆ ಈ ಕೋವಿಗಳು ಠಾಣೆಗೋ ನಮ್ಮಂಥ ಅಂಗಡಿಗೋ ಬಂದು ಕೂರುತ್ತವೆ. ಅಪ್ಪ ಅದಕ್ಕೆ "ತವರಿಗೆ ಬಂದಿವೆ" ಎನ್ನುತ್ತಿದ್ದರು. ಕೆಲವಂತೂ ತವರಿನಿಂದ ಹೋಗಲು ಮನಸ್ಸೇ ಮಾಡುತ್ತಿರಲಿಲ್ಲ.

ರಿವಾಲ್ವರ್ ಅಪರೂಪ. ಅಪ್ಪನಿಗೆ ಅದರ ಮೇಲೆ ಗೌರವವೂ ಕಡಿಮೆ. "ಕೋವಿ ಒಂದು ಸಲ ತಪ್ಪುತ್ತದೆ. ಇದು ಆರು ಸಲ" ಎನ್ನುತ್ತಿದ್ದರು.

ಹುಲೇಕಲ್ಲಿನ ಸುಬ್ರಾಯಣ್ಣ ಹೊಸ ರಿವಾಲ್ವರ್ ಹಿಡಿದು ಮೊದಲ ಸಲ ಅಂಗಡಿಗೆ ಬಂದಾಗ ನಾನಿನ್ನೂ ಕೆಲಸ ಕಲಿಯುತ್ತಿದ್ದೆ. ಊರಿನ ಸೊಸೈಟಿಯ ಹಣ ಬ್ಯಾಂಕಿಗೆ ಒಯ್ಯುವ ಜವಾಬ್ದಾರಿ ಅವರದು, ಅದಕ್ಕಾಗಿ ಸಿಕ್ಕ ಲೈಸೆನ್ಸು. ಬಿಳಿ ಪಂಚೆ, ಮಡಿಸಿದ ಛತ್ರಿ, ಮುಖದಲ್ಲಿ ಮೋಸ ಹೋದವನ ಸಿಟ್ಟು.

"ಅಪ್ಪ ಇಲ್ವಾ ತಂಗಿ?"

"ಊಟಕ್ಕೆ ಹೋಗಿದ್ದಾರೆ. ಏನಾಯ್ತು ಸುಬ್ರಾಯಣ್ಣ?"

"ಎಂತ ಆಗೋದು! ಹೊಸಾ ಮಾಲು ಹೇಳಿ ಕೊಟ್ಟಿದ್ದಾರೆ. ಒಳಗೆ ನೋಡು ನೀನೇ. ಈ ತುದಿಯಿಂದ ಆ ತುದಿವರೆಗೆ ಗೀರು! ಯಾರೋ ಮೊಳೆ ಹಾಕಿ ಗೀರಿದ ಹಾಂಗೆ."

ನಾನು ಬೆಳಕಿಗೆ ಹಿಡಿದು ನೋಡಿದೆ. ಚೊಕ್ಕ ನಳಿಗೆ. ಒಳಮೈಯಲ್ಲಿ ಬಳ್ಳಿ ಸುತ್ತಿದಂತೆ ಹೋಗುವ ಸಣ್ಣ ಕಾಲುವೆಗಳು. ಇಂಗ್ಲಿಷಿನಲ್ಲಿ ಅದಕ್ಕೆ ರೈಫ್ಲಿಂಗ್ ಎನ್ನುತ್ತಾರೆ.

"ಇದು ಗೀರಲ್ಲ ಸುಬ್ರಾಯಣ್ಣ. ಬೇಕೆಂದೇ ಕೊರೆದದ್ದು. ಗುಂಡು ತಿರುಗುತ್ತಾ ಹೋಗಲಿ ಅಂತ."

"ಗುಂಡು ಯಾಕೆ ತಿರುಗಬೇಕು? ಸೀದಾ ಹೋದ್ರೆ ಸಾಲದಾ?"

"ತಿರುಗಿದರೇ ಸೀದಾ ಹೋಗೋದು. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲೋದಿಲ್ವಾ, ಹಾಗೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾನ್ವೆಂಟಲ್ಲಿ ಬುಗುರಿ ಆಡಸ್ತಿದ್ರಾ?"

ಅಷ್ಟರಲ್ಲಿ ಅಪ್ಪ ಬಂದರು. ಸುಬ್ರಾಯಣ್ಣ ಅವರ ಕಡೆ ತಿರುಗಿ, "ಆಚಾರ್ರೇ, ಮಗಳು ಎಂತೆಂತದೋ ಹೇಳ್ತಾಳೆ. ನೀವು ಈ ಗೀರೆಲ್ಲ ಉಜ್ಜಿ ತೆಗೆದು ನಮ್ಮ ಕೋವಿ ಹಾಂಗೆ ನುಣ್ಣಗೆ ಮಾಡಿಕೊಡಿ" ಎಂದರು.

ಅಪ್ಪ ಕೈ ಒರೆಸಿಕೊಳ್ಳುತ್ತಾ, "ಧಾರಾಳ ತೆಗೀಬಹುದು. ಆಮೇಲೆ ಮನೇಲಿ ಒಲೆ ಊದಲಿಕ್ಕೆ ಅನುಕೂಲ" ಎಂದರು.

ಸುಬ್ರಾಯಣ್ಣ ಛತ್ರಿಯ ತುದಿಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ರೈಫ್ಲಿಂಗಿಗೆ ಗೀರು ಎಂದೇ ಹೆಸರು. ಗೀರು ಹೋದ ನಳಿಗೆಗೆ ಊದುಗೊಳವೆ ಎಂದು ಹೆಸರು. ಇವೆರಡೂ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಸಿಗುವುದಿಲ್ಲ, ಪ್ಲೀಸ್ ಹುಡುಕಬೇಡಿ.

ಊದುಗೊಳವೆಗಳು ಬಂದದ್ದೂ ಉಂಟು. ಯಲ್ಲಾಪುರದ ಕಡೆಯ ಒಬ್ಬರು ತಮ್ಮ ರಿವಾಲ್ವರಿನ ನಳಿಗೆಗೆ ದೇವರ ದೀಪಕ್ಕೆ ಹಚ್ಚುವ ಪಾಲಿಶ್ ಹಚ್ಚಿ, ಕಡ್ಡಿಗೆ ಬಟ್ಟೆ ಸುತ್ತಿ, ವರ್ಷಗಟ್ಟಲೆ ಭಕ್ತಿಯಿಂದ ತಿಕ್ಕಿದ್ದರು. "ಗುರಿ ನಿಲ್ತಿಲ್ಲ ಮೇಡಂ. ಆದ್ರೆ ಒಳಗೆ ನೋಡಿ, ಹೆಂಗೆ ಫಳಫಳ ಹೇಳ್ತದೆ!" ಎಂದರು. ಹೇಳುತ್ತಿತ್ತು, ಅಫ್‌ಕೋರ್ಸ್. ಫಳಫಳ ಬಿಟ್ಟರೆ ಒಳಗೆ ಬೇರೇನೂ ಉಳಿದಿರಲಿಲ್ಲ. ಅಪ್ಪ ಅವರ ಬೆನ್ನ ಹಿಂದೆ ನಿಂತು ತುಟಿ ಮುಂದೆ ಮಾಡಿ ಒಲೆ ಊದಿ ತೋರಿಸಿದರು. ನಗು ತಡೆಯಲಾರದೆ ನಾನು ಒಳಗೆ ಹೋಗಿ ನೀರು ಕುಡಿದು ಬರಬೇಕಾಯಿತು.

ಹಾಗಂತ ನಳಿಗೆ ನುಣುಪು ಮಾಡುವ ಕೆಲಸವೇ ಇಲ್ಲ ಎಂದಲ್ಲ. ಇದೆ, ಮತ್ತು ನನ್ನ ಕೆಲಸಗಳಲ್ಲಿ ನನಗೆ ತೀರಾ ಪ್ರಿಯವಾದದ್ದು ಅದೇ. ರಿವಾಲ್ವರಿನ ನಳಿಗೆಯನ್ನು ಅದರ ಚೌಕಟ್ಟಿಗೆ ತಿರುಪಿ ಬಿಗಿದಿರುತ್ತಾರೆ. ಬಿಗಿ ಹೆಚ್ಚಾದರೆ ಆ ಜಾಗದಲ್ಲಿ ನಳಿಗೆಯ ಒಳಮೈ ಕೂದಲೆಳೆಯಷ್ಟು ಕಿರಿದಾಗುತ್ತದೆ. ಸೀಸದ ಗುಂಡು ಮೆತ್ತಗಿನದು. ಆ ಇಕ್ಕಟ್ಟಿನಲ್ಲಿ ಹಿಂಡಿಸಿಕೊಂಡು ಆಚೆ ಬಂದರೆ ಮುಂದಿನ ಹಾದಿಯೆಲ್ಲ ಸಡಿಲ. ಬಳೆಗಾರ ಕೈ ಹಿಂಡಿ ಗೆಣ್ಣು ದಾಟಿಸಿದ ಮೇಲೆ ಮಣಿಕಟ್ಟಿನಲ್ಲಿ ಬಳೆ ಓಡಾಡುವುದಿಲ್ಲವೇ, ಹಾಗೆ. ಸಡಿಲವಾದ ಗುಂಡು ಗೀರನ್ನು ಹಿಡಿಯದು, ಸರಿಯಾಗಿ ತಿರುಗದು, ಹೋಗುತ್ತಾ ಹೋಗುತ್ತಾ ಸೀಸವನ್ನು ಒಳಗೆಲ್ಲ ಬಳಿದು ಹೋಗುತ್ತದೆ. ಮುಂದಿನ ಗುಂಡಿನ ಪಾಡು ಇನ್ನೂ ಕಷ್ಟ.

ಅಪ್ಪನ ಕ್ರಮವೆಂದರೆ ನಳಿಗೆಯ ಉದ್ದಕ್ಕೂ ಉಜ್ಜುವುದು. ಹೊಳಪು ಬರುತ್ತಿತ್ತು, ಆದರೆ ಗೀರಿನ ಅಂಚುಗಳೂ ಜೊತೆಗೇ ಸವೆಯುತ್ತಿದ್ದವು. ನಾನು ಸೀಸದ ಮೆತ್ತನೆಯ ತುಂಡನ್ನು ಕಡ್ಡಿಯಿಂದ ಮೆಲ್ಲಗೆ ತಳ್ಳಿ ನೋಡಲು ಕಲಿತೆ. ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎಂದು ಕೈಗೆ ಗೊತ್ತಾಗುತ್ತದೆ. ಅಷ್ಟು ಜಾಗವನ್ನು ಮಾತ್ರ ಅತಿ ನಯವಾದ ಪೇಸ್ಟಿನಿಂದ ಉಜ್ಜುವುದು, ತೊಳೆಯುವುದು, ಮತ್ತೆ ತಳ್ಳಿ ನೋಡುವುದು. ಕಾನ್ವೆಂಟಿನಲ್ಲಿ ಕೈಬರಹ ತಿದ್ದುತ್ತಿದ್ದ ಸಿಸ್ಟರ್ ಹಿಂದಿನಿಂದ ಬಂದು, ನಿಬ್ಬು ಒತ್ತುವ ನನ್ನ ಬೆರಳ ಮೇಲೆ ಪೆನ್ಸಿಲಿನಿಂದ ತಟ್ಟಿ, "ಡೋಂಟ್ ಪ್ರೆಸ್, ಚೈಲ್ಡ್" ಎನ್ನುತ್ತಿದ್ದರು. ಆ ಮಾತು ಕೋವಿಯಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ತಿಳಿದಿದ್ದರೆ ಪಾಪ, ಜಪಮಾಲೆ ಹಿಡಿದು ಕೂತುಬಿಡುತ್ತಿದ್ದರು.

ಪರೀಕ್ಷೆಗೆ ಗುಂಡು ಹಾರಿಸಲು ಊರ ಹೊರಗೆ ಚಿರೆಕಲ್ಲು ಕಡಿದು ಬಿಟ್ಟ ಒಂದು ಹೊಂಡಕ್ಕೆ ನಮಗೆ ಅನುಮತಿಯಿತ್ತು. ನವರಾತ್ರಿಯ ಆಯುಧಪೂಜೆ ಕಳೆದ ಮೇಲೆ ಸುಬ್ರಾಯಣ್ಣ ವರ್ಷಕ್ಕೊಮ್ಮೆ ಅಲ್ಲಿಗೆ ಬರುವರು. ಜೊತೆಗೆ ಅವರ ಹೆಂಡತಿಯ ಅಣ್ಣ, ಕೋಲಸಿರ್ಸಿಯ ಗಣಪತಿ ಭಾವ. ಅವರಿಗೂ ಒಂದು ರಿವಾಲ್ವರ್, ಅವರ ಕೈಗೆ ಗುರಿ ತಪ್ಪುವುದೆಂದರೆ ಗೊತ್ತಿಲ್ಲ. ನನ್ನ ಜೊತೆ ಇಬ್ಬರದೂ ಪೇಟೆಯ ಕನ್ನಡ, ತಮ್ಮತಮ್ಮಲ್ಲಿ ಮನೆಯ ಮಾತು. ನನ್ನ ಹೆಸರು ಸುಲೋಚನಾ ಆದರೂ ಗಣಪತಿ ಭಾವ ಕರೆಯುತ್ತಿದ್ದದ್ದು "ಕಾನ್ವೆಂಟಕ್ಕ" ಎಂದು.

ಗಣಪತಿ ಭಾವ ಶುರು ಮಾಡುವರು: "ಭಾವ, ನಿನ್ನ ಗುಂಡು ಹುಲೇಕಲ್ ಬಸ್ಸಿದ್ದಾಂಗೆ. ಹೊರಡದು ಎಲ್ಲರಿಗೂ ಗೊತ್ತಾಗ್ತು, ಎಲ್ಲಿ ನಿಲ್ತು ಹೇಳಿ ಡ್ರೈವರಂಗೂ ಗೊತ್ತಿಲ್ಲೆ."

"ಕೋಲಸಿರ್ಸಿಯವ್ವು ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲಲೇ ಬೇಕಲ ಭಾವ, ಪಾಪ, ಎಂತ ಮಾಡದು!"

ಗುಂಡಿಗಿಂತ ಮಾತೇ ಹೆಚ್ಚು ಹಾರುತ್ತಿತ್ತು. ನಾನು ಕಲ್ಲಿನ ಮೇಲೆ ಕೂತು ಕಿವಿಯ ಹತ್ತಿ ತೆಗೆದು ಕೇಳುತ್ತಿದ್ದೆ.

ಹೀಗೆ ವರ್ಷಗಳು ಹೋದವು. ಅಪ್ಪ ಹೋದರು. ನನ್ನ ತಲೆಯೂ ಬೆಳ್ಳಗಾಯಿತು. ನಾನು ಅಂಗಡಿ ಬಿಡುವ ಯೋಚನೆಯಲ್ಲಿದ್ದಾಗ ಒಂದು ಮಧ್ಯಾಹ್ನ ಸುಬ್ರಾಯಣ್ಣ ಒಬ್ಬರೇ ಬಂದರು. ಅವರು ಭಾವನಿಲ್ಲದೆ ರಿವಾಲ್ವರ್ ತಂದದ್ದು ಅದೇ ಮೊದಲು.

"ಗುಂಡು ಚೆಲ್ಲಾಪಿಲ್ಲಿ ಹೋಗ್ತಾ ಇದೆ ತಂಗಿ. ಹೋದ ಸಲ ನೋಡಿದ್ಯಲ್ಲ, ಅಕ್ಕಿ ಕೇರೋ ಗೆರಸಿಯಷ್ಟು ಅಗಲ."

ಎದುರಿನ ಹೋಟೆಲಿನಿಂದ ಚಹಾ ತರಿಸಿದೆ. ಅವರು ಲೋಟ ಮುಟ್ಟಲಿಲ್ಲ. ನಾನು ನಳಿಗೆ ನೋಡಲು ಕಿಟಕಿಯತ್ತ ತಿರುಗಿದ ಮೇಲೆ ಬೆನ್ನ ಹಿಂದೆ ಲೋಟದ ಕೆಳಗಿನ ಬಸಿ ಗಲಗಲ ಅಂದಿತು. ತಿರುಗಿ ನೋಡುವಾಗ ಅರ್ಧ ಚಹಾ ಮೇಜಿನ ಮೇಲಿತ್ತು, ಅವರು ಅದನ್ನು ಅಂಗವಸ್ತ್ರದಿಂದ ಒರೆಸುತ್ತಿದ್ದರು.

"ಸೊಸೈಟಿಯ ಚೆಕ್ಕನ್ನೂ ಬ್ಯಾಂಕಿನವ್ರು ವಾಪಸ್ ಕಳಿಸಿದ್ದಾರೆ. ನನ್ನ ಸಹಿ ನನ್ನದಲ್ವಂತೆ" ಎಂದು ನಗಲು ನೋಡಿದರು. ನಗು ಅರ್ಧಕ್ಕೆ ನಿಂತಿತು. "ತಂಗಿ, ನಿಜ ಹೇಳು. ತಪ್ಪು ನಳಿಗೆಯದ್ದಾ, ಕೈಯದ್ದಾ? ನಳಿಗೆಯದ್ದಾದ್ರೆ ಸರಿ ಮಾಡು. ಸರಿ ಮಾಡಿದ ಮೇಲೂ ಭಾವನೆದುರು ಹಿಂಗೇ ಆದ್ರೆ, ಆಯ್ತು, ಕೈಯದ್ದೇ ಹೇಳಿ ಲೆಕ್ಕ. ಸೊಸೈಟಿ ಬಿಡೋದು, ಸ್ಕೂಟರ್ ಬಿಡೋದು, ಮೂಲೇಲಿ ಕೂರೋದು."

ನಾನು ಸೀಸದ ತುಂಡು ತಳ್ಳಿ ನೋಡಿದೆ. ಚೌಕಟ್ಟಿನ ಹತ್ತಿರ ನಿಜವಾಗಿಯೂ ಇಕ್ಕಟ್ಟಿತ್ತು. ಹೊಸದಿದ್ದಾಗಿನಿಂದಲೇ ಇದ್ದಿರಬೇಕು. ಅದರಾಚೆ ಸೀಸ ಅಂಟಿ ಗೀರೆಲ್ಲ ತೇಪೆ ಹಾಕಿದಂತೆ ಕಾಣುತ್ತಿತ್ತು.

"ನಳಿಗೆಯಲ್ಲಿ ದೋಷ ಇದೆ ಸುಬ್ರಾಯಣ್ಣ" ಎಂದೆ.

ಕೋರ್ಟಿನಲ್ಲಿ ಖುಲಾಸೆಯಾದವರ ಹಾಗೆ ಅವರ ಮುಖ ಅರಳಿತು. ನಾನು ಹೇಳಿದ್ದು ಸುಳ್ಳಲ್ಲ. "ನಳಿಗೆಯಲ್ಲೂ" ಎನ್ನಬೇಕಾದಲ್ಲಿ "ನಳಿಗೆಯಲ್ಲಿ" ಎಂದೆ, ಅಷ್ಟೇ. ನಮ್ಮ ಕನ್ನಡದಲ್ಲಿ ಒಂದು ಕೊಂಬು ಬಿಟ್ಟರೆ ಎಷ್ಟು ಹಗುರಾಗುತ್ತದೆ ನೋಡಿ.

ಆ ನಳಿಗೆಗೆ ನಾನು ಮಾಡಿದ ಕೆಲಸವನ್ನು ಬೇರಾವುದಕ್ಕೂ ಮಾಡಿಲ್ಲ. ಹಳೆಯ ಸೀಸವನ್ನೆಲ್ಲ ಬಿಡಿಸಿ, ಇಕ್ಕಟ್ಟಿದ್ದಲ್ಲಿ ಮಾತ್ರ ಸ್ವಲ್ಪ ಉಜ್ಜಿ, ಬಿಟ್ಟು, ಮರುದಿನ ಹೊಸ ಕೈಯಲ್ಲಿ ನೋಡಿ, ಮತ್ತೆ ಉಜ್ಜಿ. ಈ ಕೆಲಸದಲ್ಲಿ ಆಸೆ ಕೆಟ್ಟದ್ದು. ಇನ್ನೊಂದು ಸಲ ಅನ್ನಿಸಿದಾಗ ನಿಲ್ಲಿಸಬೇಕು, ಯಾಕೆಂದರೆ ಸವೆದ ಉಕ್ಕನ್ನು ಮತ್ತೆ ತುಂಬಲು ಬರುವುದಿಲ್ಲ. ಕೊನೆಗೊಮ್ಮೆ ಸೀಸದ ತುಂಡು ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಜಾರಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಓಡಲಿಲ್ಲ. ಗೀರಿನ ಅಂಚು ಒಂದೊಂದೂ ಹೊಸ ಇಸ್ತ್ರಿಯ ಮಡಿಕೆಯಂತಿತ್ತು. ನಾನು ಅಂಗಡಿಯಲ್ಲಿ ಒಬ್ಬಳೇ ನಿಂತು "ವೆಲ್ ಡನ್, ಚೈಲ್ಡ್" ಎಂದುಕೊಂಡೆ. ಸಿಸ್ಟರ್ ಯಾವತ್ತೂ ಅಂದಿರಲಿಲ್ಲ.

ಹೊಂಡಕ್ಕೆ ಹೋಗಿ, ಮರಳಿನ ಚೀಲದ ಮೇಲೆ ರಿವಾಲ್ವರ್ ಊರಿ, ಆರು ಗುಂಡು ಹಾರಿಸಿದೆ. ಗೆರಸಿಯಷ್ಟಿದ್ದದ್ದು ಚಹಾದ ಬಸಿಯಷ್ಟಾಗಿತ್ತು. ಆ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡೆ, ಗಣಪತಿ ಭಾವನಿಗೆ ತೋರಿಸಿ ಬಾಯಿ ಮುಚ್ಚಿಸಬೇಕು ಎಂದು.

ನವರಾತ್ರಿ ಕಳೆದು ಇಬ್ಬರೂ ಬಂದರು. ಸುಬ್ರಾಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. "ಭಾವ, ಇಂದು ನಿನ್ನ ಬಾಯಿಗೆ ಬೀಗ. ನಳಿಗೆದೇ ತಪ್ಪು ಹೇಳಿ ಸುಲೋಚನಾನೇ ಹೇಳಿದ್ದು" ಎಂದರು.

"ಹೊಡಿ ನೋಡನ. ಬೀಗ ಆನೇ ತಂಜಿ" ಎಂದು, ಬೀಗ ತಾವೇ ತಂದವರಂತೆ ಜೇಬು ತಟ್ಟಿದರು ಗಣಪತಿ ಭಾವ.

ಸುಬ್ರಾಯಣ್ಣ ಕೈಯೆತ್ತಿದರು. ರಿವಾಲ್ವರಿನ ತುದಿ ಗಾಳಿಗೆ ಸಿಕ್ಕ ಎಲೆಯಂತಿತ್ತು. ಎಡಗೈ ಜೋಡಿಸಿ ಹಿಡಿದರು, ಅದೂ ಸೇರಿ ಅಲುಗಿತು. ಒಂದೊಂದೇ ಹಾರಿಸಿದರು. ಮುಗಿದ ಮೇಲೆ ನಾವು ಮೂವರೂ ಕಾಗದದ ಹತ್ತಿರ ನಡೆದೆವು. ಒಂದು ಮೇಲೆ, ಒಂದು ಕೆಳಗೆ, ಎರಡು ಕಾಗದದಲ್ಲೇ ಇಲ್ಲ. ಸುಬ್ರಾಯಣ್ಣ ಅದನ್ನೇ ನೋಡುತ್ತಾ ನಿಂತರು. ಗಣಪತಿ ಭಾವನ ಬಾಯಿಯಿಂದ ಬರಬೇಕಾಗಿದ್ದ ಹುಲೇಕಲ್ ಬಸ್ಸು ಬರಲಿಲ್ಲ. ಅವರು ಕಾಗದ ನೋಡುತ್ತಿರಲಿಲ್ಲ, ಸುಬ್ರಾಯಣ್ಣನ ಕೈ ನೋಡುತ್ತಿದ್ದರು.

"ತಾ ಇಲ್ಲಿ" ಎಂದು ಅದೇ ರಿವಾಲ್ವರ್ ತೆಗೆದುಕೊಂಡು, ಹೊಸ ಕಾಗದ ಕಟ್ಟಿಸಿ, ತುಂಬಿ, ಹಾರಿಸಿದರು. ಹೋಗಿ ನೋಡಿದರೆ ಒಂದು ಮೂಲೆಯಲ್ಲಿ, ಒಂದು ಅಂಚಿನಲ್ಲಿ, ಇನ್ನೊಂದು ಕಾಗದ ಕಟ್ಟಿದ ಗೂಟದಲ್ಲಿ.

"ಥೋ! ನಳಿಗೆ ಸರಿ ಆಜಿಲ್ಲೆ ಭಾವ. ಯನ್ನ ಕೈಯಲ್ಲೂ ಹಿಂಗೇ ಹೋಗ್ತು. ನಿಂದೆಂತ ತಪ್ಪಿದ್ದು ಇದ್ರಲ್ಲಿ?" ಎಂದು ಜೋರಾಗಿ ಹೇಳಿ ನನ್ನ ಕಡೆ ತಿರುಗಿದರು. "ಎಂತ ಕಾನ್ವೆಂಟಕ್ಕ, ಇದಾ ನಿಮ್ಮ ಕೆಲಸ? ಇಷ್ಟು ವರ್ಷ ಉಜ್ಜಿದ್ದು ಎಂತದನ್ನ, ಪಾತ್ರೆಯನ್ನಾ?"

ನನ್ನ ಚೀಲದಲ್ಲಿ ಬಸಿಯಗಲದ ಆ ಕಾಗದವಿತ್ತು. ಜೀವಮಾನದ ಬೆಸ್ಟ್ ವರ್ಕ್. ಕೈ ಚೀಲದ ಒಳಗೂ ಹೋಯಿತು. ಸುಬ್ರಾಯಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಚೀಲದಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

"ಹೌದು, ಇನ್ನೂ ಸ್ವಲ್ಪ ಬಿಗಿ ಉಳಿದಿದೆ ಅಂತ ಕಾಣುತ್ತೆ. ಬಿಟ್ಟು ಹೋಗಿ ಸುಬ್ರಾಯಣ್ಣ, ನೋಡ್ತೇನೆ."

ಮರುದಿನ ಬೆಳಿಗ್ಗೆ ಆ ಕಾಗದ ನಮ್ಮ ಬಚ್ಚಲ ಒಲೆಗೆ ಬಹಳ ಚೆನ್ನಾಗಿ ಹತ್ತಿಕೊಂಡಿತು.

ರಿವಾಲ್ವರ್ ಅಂಗಡಿಯ ಕಪಾಟಿನಲ್ಲೇ ಉಳಿಯಿತು, ರಿಪೇರಿಗೆ ಬಂದದ್ದು ಎಂದು. ಗಣಪತಿ ಭಾವ ಸಿದ್ದಾಪುರದಿಂದ ಹಿಡಿದು ಸೋಂದೆಯವರೆಗೆ ಸಿಕ್ಕಿದವರಿಗೆಲ್ಲ "ಕಾನ್ವೆಂಟಕ್ಕನ ಕೈಯಲ್ಲಿ ಒಂದು ನಳಿಗೆ ಸರಿಯಾಗ್ಲಿಲ್ಲ" ಎಂದು ಹೇಳಿಕೊಂಡು ಬಂದರು. ಕೇಳಿದವರು ನನ್ನನ್ನು ಕಂಡು ಮರುಗಿದರು. "ವಯಸ್ಸಾಯ್ತಲ್ಲ, ಕಣ್ಣು ಕಾಣಿಸೋದಿಲ್ಲ ಪಾಪ" ಎಂದು ಅಂಗಡಿಯ ಮೆಟ್ಟಿಲಲ್ಲೇ ನಿಂತು ಮಾತಾಡಿದರು. ಕಣ್ಣು ಕಾಣಿಸದಿದ್ದರೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಐ ಡಿಡ್ ಮೈಂಡ್. ಇಲ್ಲ ಎಂದರೆ ಸುಳ್ಳಾಗುತ್ತದೆ.

ಸುಬ್ರಾಯಣ್ಣ ಪೇಟೆಗೆ ಬಂದಾಗಲೆಲ್ಲ ಇಣುಕುವರು. "ಆಯ್ತಾ ತಂಗಿ?" "ಇನ್ನೂ ಸ್ವಲ್ಪ ಇದೆ." ಹೀಗೇ ಒಂದೆರಡು ಮಳೆಗಾಲ ಕಳೆಯಿತು. ಒಂದು ಸಲ ಬಂದವರು ಒಳಗೆ ಬಂದು ಕೂತರು. ಸ್ಕೂಟರ್ ಇರಲಿಲ್ಲ, ಬಸ್ಸಿಗೆ ಬಂದಿದ್ದರು. ಚಹಾ ಬಂದಾಗ ನಾನು ತಿರುಗುವುದನ್ನು ಕಾಯಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು ನನ್ನೆದುರೇ ಕುಡಿದರು.

"ಸೊಸೈಟಿಯ ಸಹಿ ಬೇರೆಯವ್ರಿಗೆ ಬಿಟ್ಟುಕೊಟ್ಟೆ. ಯಾರೂ ಬಿಡು ಹೇಳಲಿಲ್ಲ. ನಾನೇ ಬಿಟ್ಟೆ" ಎಂದರು. ಆಮೇಲೆ, "ಎಲ್ಲಿ, ನಮ್ಮದನ್ನ ಒಂದು ಸಲ ಕೊಡು ನೋಡ್ವ."

ಬಿಚ್ಚಿ, ಖಾಲಿ ಇದೆಯೆಂದು ತೋರಿಸಿ ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಕೈ ಅಲುಗುತ್ತಿತ್ತು, ಆದರೂ ಬೆಳಕು ಹಿಡಿಯುವವರೆಗೆ ಬಿಡಲಿಲ್ಲ. ಎಷ್ಟೋ ಹೊತ್ತು ನೋಡಿದರು. ಪೇಟೆಯ ಕನ್ನಡ ಬಿಟ್ಟು, ನನ್ನ ಜೊತೆ ಮೊದಲ ಸಲ ಮನೆಯ ಮಾತಿನಲ್ಲಿ ಹೇಳಿದರು: "ಗೀರು ಚೊಲೋ ಇದ್ದಲೇ ತಂಗಿ."

ನಾನು ಮೇಜಿನ ಮೇಲಿದ್ದ ಚಹಾದ ಲೋಟ ಎತ್ತಿಟ್ಟೆ.

"ಭಾವಂಗೆ ಹೇಳ್ಬೇಡ, ನಂಗೆ ಗೊತ್ತಾತು ಹೇಳಿ." ಅವರ ಹೆಗಲು ಕುಲುಕುತ್ತಿತ್ತು. ನಗುತ್ತಿದ್ದರು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. "ಹುಟ್ಟಿದಾರಭ್ಯ ಗುರಿ ತಪ್ಪಿದವ ಅಲ್ಲ ಅಂವ. ಅಷ್ಟೂ ಗುಂಡು ತಪ್ಸಲೆ ಪಾಪ, ಎಷ್ಟು ಕಷ್ಟ ಪಟ್ಟಿಕ್ಕು!"

ರಿವಾಲ್ವರನ್ನು ನನ್ನ ಮುಂದಿಟ್ಟು ಛತ್ರಿ ತೆಗೆದುಕೊಂಡರು. ಬಾಗಿಲಲ್ಲಿ ನಿಂತು, "ಇನ್ನೂ ಸ್ವಲ್ಪ ಇದ್ದು ಅಲ್ದಾ?" ಎಂದು ಕೇಳಿದರು.

"ಇದೆ ಸುಬ್ರಾಯಣ್ಣ. ಅವಸರ ಏನಾದ್ರೂ ಉಂಟಾ?"

"ಎಂತ ಅವಸರ ಇಲ್ಲೆ" ಎಂದು ಮೆಟ್ಟಿಲಿಳಿದರು.

ಅದು ಈಗಲೂ ಕಪಾಟಿನಲ್ಲಿದೆ. ಹೋದ ವಾರ ನಾನು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದಾಗ ಗಣಪತಿ ಭಾವ ಕೋಲು ಊರಿಕೊಂಡು ಬಂದರು. "ಎಂತ ಕಾನ್ವೆಂಟಕ್ಕ, ಭಾವನ ನಳಿಗೆ ಆಯ್ತಾ?"

"ಇಲ್ಲ."

"ಭಾವ ಕೇಳಿದ್ರೂ ಹಿಂಗೇ ಹೇಳ್ತೀರಿ ಅಲ್ದಾ?"

"ಹಿಂಗೇ ಹೇಳ್ತೇನೆ."

"ಎಂತಾ ಕೆಲಸದವರಪ್ಪ ನೀವು!" ಎಂದು ಭಾರೀ ಸಮಾಧಾನದಿಂದ ಬೈದು, ಕೋಲು ಕುಟ್ಟುತ್ತಾ ಬಸ್‌ಸ್ಟ್ಯಾಂಡಿನ ಕಡೆ ಹೋದರು.

ವೀಣಾಳಿಗೆ ತಡೆಯಲಾಗಲಿಲ್ಲ. "ದೊಡ್ಡಮ್ಮ, ನಾನು ಅದಕ್ಕೆ ಕ್ಯಾಮೆರಾ ಹಾಕಿ ನೋಡಿದ್ದೇನೆ. ಅಷ್ಟು ಪರ್ಫೆಕ್ಟ್ ಬ್ಯಾರಲ್ ಈ ಅಂಗಡಿಯಲ್ಲೇ ಇಲ್ಲ. ನಿಮ್ಮ ಹೆಸರಿನ ಮೇಲೆ ಯಾಕೆ ಇಂಥ ಗೀರು ಎಳೆಸಿಕೊಳ್ತೀರಿ?"

"ಗೀರಲ್ಲ ಮಗಳೇ," ಎಂದೆ, "ಬೇಕೆಂದೇ ಕೊರೆದದ್ದು."

ಅವಳು ನನ್ನ ಮುಖ ನೋಡಿದಳು, ಕಪಾಟು ನೋಡಿದಳು. ಆಮೇಲೆ ರಿವಾಲ್ವರ್ ಹೊರತೆಗೆದು, ತಾನೇನೋ ಬಿಟ್ಟಿರಬೇಕು ಎಂದು ಮತ್ತೊಮ್ಮೆ ಕ್ಯಾಮೆರಾ ಇಳಿಸತೊಡಗಿದಳು.